ನಾಣ್ಯ ಉಜ್ಜಿದರೆ ಹೋಗುವುದು ಕೊಳೆಯೊಂದೇ ಅಲ್ಲ

ಹಬ್ಬದ ಹಿಂದಿನ ದಿನ ದೇವರ ಸಾಮಾನು ಬೆಳಗುವಾಗ ಪೆಟ್ಟಿಗೆಯಲ್ಲಿದ್ದ ವಿಕ್ಟೋರಿಯಾ ರಾಣಿಯ ರೂಪಾಯಿಗೂ ಹುಣಸೆಹಣ್ಣು ಹಚ್ಚುವ ರೂಢಿ ಅನೇಕ ಮನೆಗಳಲ್ಲಿದೆ. ತಾಮ್ರದ ಚೊಂಬಿಗೆ ಒಳ್ಳೆಯದಾದದ್ದು ನಾಣ್ಯಕ್ಕೂ ಒಳ್ಳೆಯದೇ ಎಂಬ ಎಣಿಕೆ ಅದರ ಹಿಂದಿದೆ. ಈಗ ಫೋನಿಗೆ ಬರುವ ವಿಡಿಯೊಗಳು ನಿಂಬೆರಸ, ಟೂತ್‌ಪೇಸ್ಟ್, ಕೋಲಾ, ಟೊಮ್ಯಾಟೊ ಸಾಸ್‌ಗಳನ್ನೂ ಈ ಪಟ್ಟಿಗೆ ಸೇರಿಸಿವೆ. ಕಪ್ಪಾಗಿದ್ದ ನಾಣ್ಯ ಕಣ್ಣೆದುರೇ ಫಳಫಳ ಹೊಳೆಯುವುದನ್ನು ಕಂಡವರಿಗೆ ಅದಕ್ಕೆ ಮರುಜೀವ ಬಂದಂತೆ ಅನಿಸುವುದು ಸಹಜ. ಆದರೆ ಆ ಹೊಳಪಿಗಾಗಿ ನಾಣ್ಯದ ಮೈಯನ್ನೇ ಒಂದು ಪದರ ಕಳೆದುಕೊಂಡಿರುತ್ತೇವೆ. ಹೋದದ್ದನ್ನು ಮತ್ತೆ ತರಲು ಯಾವ ಪ್ರಯೋಗಾಲಯಕ್ಕೂ ಸಾಧ್ಯವಿಲ್ಲ. ಹಾಗಾಗಿ ಹಳೆಯ ನಾಣ್ಯ ಕೈಗೆ ಬಂದಾಗ ಅದನ್ನು ಹೇಗೆ ಬೆಳಗಬೇಕು ಎಂದು ಕೇಳುವುದಕ್ಕಿಂತ ಬೆಳಗದೆ ಹೇಗೆ ಕಾಪಾಡಬೇಕು ಎಂದು ಕೇಳಬೇಕು ಎಂಬುದು ನನ್ನ ವಾದ.

ನಾವು ಕೊಳೆ ಎನ್ನುವುದರಲ್ಲಿ ಎರಡು ಬಗೆಯಿದೆ. ಮಣ್ಣು, ಎಣ್ಣೆ, ಬೆವರು, ಕುಂಕುಮ ಹೊರಗಿನಿಂದ ಬಂದು ಅಂಟಿಕೊಂಡವು. ಬೆಳ್ಳಿಯ ಕಪ್ಪು ಹಾಗಲ್ಲ. ಗಾಳಿಯಲ್ಲಿರುವ ಗಂಧಕದ ಅಂಶದೊಡನೆ ಬೆಳ್ಳಿ ಕೂಡಿ ಸಿಲ್ವರ್ ಸಲ್ಫೈಡ್ ಆಗುತ್ತದೆ, ಎಂದರೆ ಆ ಕಪ್ಪಿನಲ್ಲಿ ನಾಣ್ಯದ್ದೇ ಬೆಳ್ಳಿಯಿದೆ. ತಾಮ್ರದ ಕಂದು, ಕೆಂಪು ಬಣ್ಣಗಳು ಅದರ ಆಕ್ಸೈಡಿನವು. ಗಟ್ಟಿಯಾಗಿ ಕೂತ ಹಸಿರು ಕಿಲುಬು ಹೆಚ್ಚಾಗಿ ಕಾರ್ಬೊನೇಟು. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ತಾಮ್ರದ ಈ ಪದರವನ್ನು ಕರಗಿಸಿ ಕೆಳಗಿನ ಬತ್ತಲೆ ಲೋಹವನ್ನು ತೆರೆದಿಡುತ್ತದೆ. ಬೆಳ್ಳಿಯ ಮೇಲೆ ಆಮ್ಲದ ಆಟ ಅಷ್ಟು ನಡೆಯುವುದಿಲ್ಲ, ಅಲ್ಲಿ ಕೆಲಸ ಮಾಡುವುದು ಉಜ್ಜುವ ಕೈ. ಪಾತ್ರೆ ತಿಕ್ಕುವ ಪುಡಿಯಲ್ಲೂ ಟೂತ್‌ಪೇಸ್ಟಿನಲ್ಲೂ ಸಣ್ಣ ಹರಳಿನ ಕಣಗಳಿರುತ್ತವೆ. ಅವು ಎಳೆದ ಗೀರುಗಳು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಟಂಕಸಾಲೆಯಲ್ಲಿ ಅಚ್ಚು ಬಿದ್ದ ರಭಸಕ್ಕೆ ಲೋಹ ಹರಿದು ಮೂಡುವ ಅತಿ ಸೂಕ್ಷ್ಮ ಗೆರೆಗಳಿಂದಲೇ ಹೊಸ ನಾಣ್ಯಕ್ಕೆ ಆ ವಿಶಿಷ್ಟ ಕಾಂತಿ ಬರುವುದು. ಅಂಗಡಿಯಲ್ಲಿ ಸಿಗುವ ಬೆಳ್ಳಿ ಬೆಳಗುವ ದ್ರಾವಣದಲ್ಲಿ ಮತ್ತೆ ಮತ್ತೆ ಅದ್ದಿದರೂ ಆ ಗೆರೆಗಳು ಅಳಿಯುತ್ತವೆ. ಆಮೇಲೆ ಉಳಿಯುವುದು ಬಿಳಿಚಿಕೊಂಡ, ಜೀವವಿಲ್ಲದ ಬಿಳುಪು.

ಇದು ಬರೀ ಅಂದದ ಪ್ರಶ್ನೆಯಲ್ಲ. ಟಿಪ್ಪು ಸುಲ್ತಾನನ ತಾಮ್ರದ ನಾಣ್ಯಗಳನ್ನೇ ನೋಡಿ. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು: ಶ್ರೀರಂಗಪಟ್ಟಣಕ್ಕೆ ಪಟನ್, ಬಿದನೂರಿಗೆ ನಗರ, ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್. 1787ರ ಸುಮಾರಿಗೆ ಆತ ಹಿಜರಿ ಶಕೆ ಬಿಟ್ಟು ಮೌಲೂದಿ ಶಕೆ ತಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಕೊನೆಯ ವರ್ಷಗಳ ಕೆಲವು ನಾಣ್ಯಗಳಲ್ಲಿ ಆನೆಯ ಮೇಲೆ ಒಂದೇ ಒಂದು ಅಕ್ಷರವಿದೆ, ಅದರಿಂದ ವರ್ಷ ಗೊತ್ತಾಗುತ್ತದೆ. ಮೊದಲೇ ಸವೆದ ತಾಮ್ರದ ಮೇಲೆ ಇಂಥ ಅಕ್ಷರ ಕೂದಲೆಳೆಯಷ್ಟು ಎತ್ತರದಲ್ಲಿ ಉಳಿದಿರುತ್ತದೆ. ಒಂದು ಸಲ ಬಲವಾಗಿ ತಿಕ್ಕಿದರೆ ಆನೆ ಹೊಳೆಯುತ್ತದೆ, ಊರು ಮತ್ತು ವರ್ಷ ಹೋಗುತ್ತವೆ. ತೂಕವೂ ದಾಖಲೆಯೇ. ಗಣಿತಜ್ಞ ಡಿ.ಡಿ. ಕೋಸಂಬಿ ತಕ್ಷಶಿಲೆಯ ನಿಧಿಗಳಲ್ಲಿ ಸಿಕ್ಕ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ತೂಕವನ್ನು ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಿದರು. ಚಲಾವಣೆಯಲ್ಲಿ ಕೈಯಿಂದ ಕೈಗೆ ಹೋಗುತ್ತ ಎಷ್ಟು ಬೆಳ್ಳಿ ಸವೆದಿದೆ ಎಂಬ ಲೆಕ್ಕದಿಂದ ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ತರ್ಕಿಸಿದರು. ರಾಜರ ಹೆಸರೇ ಇಲ್ಲದ ಆ ನಾಣ್ಯಗಳಿಂದ ಇತಿಹಾಸ ಹೊರಟದ್ದು ಮಿಲಿಗ್ರಾಂ ಲೆಕ್ಕದ ಸವೆತದಿಂದ. ತಿಕ್ಕಿ ಬೆಳಗಿದ ನಾಣ್ಯ ಅಂಥ ಲೆಕ್ಕದಲ್ಲಿ ಸುಳ್ಳು ಸಾಕ್ಷಿ ನುಡಿಯುತ್ತದೆ. ಮಾರುಕಟ್ಟೆಯೂ ಇದನ್ನು ಬಲ್ಲದು. ಅಮೆರಿಕದ ದರ್ಜೆ ನಿರ್ಣಯ ಸಂಸ್ಥೆಗಳು ಉಜ್ಜಿದ ನಾಣ್ಯಕ್ಕೆ ಪೂರ್ಣ ಅಂಕ ಕೊಡದೆ 'ತೊಳೆಯಲಾಗಿದೆ' ಎಂದೇ ಬರೆದು ಕಳಿಸುತ್ತವೆ, ಅನುಭವಿ ಸಂಗ್ರಾಹಕರು ಬೆಲೆ ಇಳಿಸುತ್ತಾರೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡಾದ ವಿಧಾನದ್ದು. ಬಿಸಿನೀರಿನಲ್ಲಿ ಇವೆರಡರ ಜೊತೆ ಬೆಳ್ಳಿಯನ್ನಿಟ್ಟರೆ ಗಂಧಕ ಅಲ್ಯೂಮಿನಿಯಂ ಕಡೆಗೆ ಹೋಗಿ ಬೆಳ್ಳಿ ನಾಣ್ಯದಲ್ಲೇ ಉಳಿಯುತ್ತದೆ, ಲೋಹ ನಷ್ಟವಾಗುವುದಿಲ್ಲ ಎನ್ನುತ್ತಾರೆ. ರಸಾಯನಶಾಸ್ತ್ರದ ಮಟ್ಟಿಗೆ ಇದು ನಿಜ. ಆದರೆ ಮರಳಿದ ಬೆಳ್ಳಿ ತಾನಿದ್ದ ಜಾಗದಲ್ಲಿ, ತಾನಿದ್ದ ರೂಪದಲ್ಲಿ ಕೂರುವುದಿಲ್ಲ. ಸಡಿಲವಾದ, ಮಂಕಾದ ಪದರವಾಗಿ ನಿಲ್ಲುತ್ತದೆ. ಅದನ್ನು ಹೊಳೆಯಿಸಲು ಮತ್ತೆ ಉಜ್ಜಬೇಕು, ಅಲ್ಲಿಗೆ ಮೊದಲಿನ ಹಾನಿಗೇ ಬಂದು ನಿಂತೆವು. ಊಟದ ತಟ್ಟೆಗೆ ಈ ವಿಧಾನ ಸರಿ. ಅಚ್ಚಿನ ಗುರುತನ್ನೇ ಹುಡುಕಬೇಕಾದ ನಾಣ್ಯಕ್ಕೆ ಸಲ್ಲದು.

ಏನೂ ಓದಲಾಗದಷ್ಟು ಮಣ್ಣು ಮೆತ್ತಿದ್ದರೆ? ಆಗ ಮಾಡಬಹುದಾದದ್ದು ಇದೆ, ಅದು ನಿಧಾನದ ಕೆಲಸ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಗಾಜಿನ ಬಟ್ಟಲಿನಲ್ಲಿ ನಾಣ್ಯವನ್ನು ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಮತ್ತು ಲವಣಗಳಿರುವುದರಿಂದ ಅದು ಬೇಡ. ಎಣ್ಣೆ, ಅಂಟು, ಹಳೆಯ ಪ್ಲಾಸ್ಟಿಕ್ ಲಕೋಟೆಯಿಂದ ಇಳಿದ ಹಸಿರು ಜಿಗುಟು ಇದ್ದರೆ ಶುದ್ಧ ಅಸಿಟೋನ್ ಅದನ್ನು ಕರಗಿಸುತ್ತದೆ, ಲೋಹವನ್ನು ಮುಟ್ಟುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಸುವಾಸನೆ, ಎಣ್ಣೆ ಬೆರೆತಿರುವುದರಿಂದ ಅದು ಅಸಿಟೋನಿಗೆ ಬದಲಿಯಾಗದು. ಅಸಿಟೋನ್ ಬೇಗ ಬೆಂಕಿ ಹಿಡಿಯುವ ದ್ರವ; ದೀಪ, ಒಲೆ ಇಲ್ಲದ, ಗಾಳಿಯಾಡುವ ಜಾಗದಲ್ಲೇ ಬಳಸಬೇಕು, ಮಕ್ಕಳ ಕೈಗೆ ಕೊಡಬಾರದು. ಕೊನೆಗೆ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಬೇಕೇ ಹೊರತು ಒರೆಸಬಾರದು. ಇಷ್ಟಕ್ಕೂ ಬಿಡದಿದ್ದರೆ ಅಲ್ಲಿಗೆ ನಿಲ್ಲಿಸುವುದೇ ಜಾಣತನ. ಬೆಳಕನ್ನು ಓರೆಯಾಗಿ ಬಿಟ್ಟು ಫೋಟೊ ತೆಗೆದರೆ ಬರಿಗಣ್ಣಿಗೆ ಕಾಣದ ಅಕ್ಷರಗಳು ಎಷ್ಟೋ ಸಲ ಎದ್ದು ಬರುತ್ತವೆ.

ಇನ್ನೊಂದು ಆಕ್ಷೇಪ ಭಕ್ತಿಯದು, ಅದನ್ನು ಹಗುರವಾಗಿ ಕಾಣಲಾರೆ. ಲಕ್ಷ್ಮಿಪೂಜೆಗೆ ಇಡುವ ನಾಣ್ಯ ಕಪ್ಪಾಗಿರುವುದು ಮನೆಯವರಿಗೆ ಸರಿಬರುವುದಿಲ್ಲ. ತಲೆಮಾರುಗಳಿಂದ ಅರಿಸಿನ ಕುಂಕುಮ ಕಂಡ ರೂಪಾಯಿಗೆ ಅದೇ ಒಂದು ಚರಿತ್ರೆ. ಅದನ್ನು ಕಸಿದು ಆಲ್ಬಮ್ಮಿಗೆ ಸೇರಿಸಿ ಎಂದು ಯಾರೂ ಹೇಳಬೇಕಿಲ್ಲ. ಪೂಜೆಗೆ ಮಡಿ ಬೇಕು, ಮಡಿಗೆ ನೀರು ಸಾಕು. ಬೆಳಗಲೇಬೇಕು ಅನಿಸಿದರೆ ಅದಕ್ಕೆ ಈಗ ಅಕ್ಕಸಾಲಿಗರ ಅಂಗಡಿಯಲ್ಲಿ ಸಿಗುವ ಲಕ್ಷ್ಮಿಯ ಚಿತ್ರದ ಬೆಳ್ಳಿ ಬಿಲ್ಲೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆನೆಯ ಕಾಸೋ ಅದಕ್ಕೂ ಹಿಂದಿನ ವರಹವೋ ಪೆಟ್ಟಿಗೆಯಲ್ಲಿದ್ದರೆ ಮಾತ್ರ ಮೊದಲು ಬಲ್ಲವರಿಗೆ ತೋರಿಸಿ ಎಂಬುದಷ್ಟೇ ನನ್ನ ಕೋರಿಕೆ.

ಏನನ್ನೂ ಮುಟ್ಟಬೇಡಿ ಎಂಬ ನಿಯಮಕ್ಕೂ ಮಿತಿಯಿದೆ. ತಾಮ್ರ, ಕಂಚಿನ ನಾಣ್ಯದಲ್ಲಿ ತಿಳಿಹಸಿರು ಪುಡಿ ಉದುರುತ್ತಿದ್ದು, ಒರೆಸಿದ ಕೆಲವೇ ದಿನದಲ್ಲಿ ಮತ್ತೆ ಹುಟ್ಟಿದರೆ ಅದು ಸಂರಕ್ಷಕರು ಕಂಚಿನ ರೋಗ ಎನ್ನುವ ಸ್ಥಿತಿ. ಲೋಹದೊಳಗೆ ಸೇರಿದ ಕ್ಲೋರೈಡು ತೇವದೊಡನೆ ಕೂಡಿ ಆಮ್ಲವಾಗಿ ನಾಣ್ಯವನ್ನು ಒಳಗಿನಿಂದ ತಿನ್ನುತ್ತದೆ. ಅದನ್ನು ಬೇರೆ ನಾಣ್ಯಗಳಿಂದ ದೂರವಿಟ್ಟು, ಸಿಲಿಕಾ ಜೆಲ್ ಹಾಕಿದ ಒಣ ಡಬ್ಬಿಯಲ್ಲಿರಿಸಿ, ತಜ್ಞರ ಬಳಿ ಒಯ್ಯಬೇಕು. ಸೀಸದ ನಾಣ್ಯಗಳು ಇನ್ನೂ ನಾಜೂಕು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ಸದಕಣ ಕಳಲಾಯ ಮಹಾರಠಿಯ ನಾಣ್ಯಗಳು ಸೀಸದವು. ವಿನೆಗರ್ ಸೀಸವನ್ನು ವಿಷಕಾರಿ ಲವಣವಾಗಿ ಕರಗಿಸಿಬಿಡುತ್ತದೆ, ಕೆಲವು ಜಾತಿಯ ಮರದ ಪೆಟ್ಟಿಗೆಯ ಆಮ್ಲದ ಆವಿಗೇ ಸೀಸ ಬಿಳಿ ಪುಡಿಯಾಗುತ್ತದೆ. ವಸ್ತುಸಂಗ್ರಹಾಲಯಗಳು ನಾಣ್ಯ ಶುಚಿ ಮಾಡುವುದಿಲ್ಲವೇ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಮಾಡುತ್ತವೆ. ಮೊದಲು ತೂಗಿ, ಫೋಟೊ ತೆಗೆದು, ಸೂಕ್ಷ್ಮದರ್ಶಕದಡಿ ಎಲ್ಲಿಗೆ ನಿಲ್ಲಬೇಕೆಂದು ತೀರ್ಮಾನಿಸಿ ಮಾಡುತ್ತವೆ.

ಹೊಲ ಉಳುವಾಗ, ಪಾಯ ತೋಡುವಾಗ ಸಿಗುವ ನಾಣ್ಯದ ಮಡಕೆಗಳ ವಿಷಯದಲ್ಲಂತೂ ಮೊದಲ ಗಂಟೆಯ ತೊಳೆತವೇ ಹೆಚ್ಚಿನ ಹಾನಿ ಮಾಡುತ್ತದೆ. ಒಂದಕ್ಕೊಂದು ಅಂಟಿದ ನಾಣ್ಯಗಳ ಸಾಲು, ಕಿಲುಬಿನಲ್ಲಿ ಅಚ್ಚಾಗಿ ಉಳಿದ ಬಟ್ಟೆಯ ನೇಯ್ಗೆ, ಮಡಕೆಯ ತಳದ ಮಣ್ಣು ಇವೆಲ್ಲ ಯಾರು, ಯಾವಾಗ ಬಚ್ಚಿಟ್ಟರು ಎಂಬುದರ ಸುಳಿವುಗಳು. ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆಯಿಂದ ಇಲ್ಲಿಯವರೆಗೆ ಕಾನೂನು ಹೇಳುತ್ತಲೇ ಬಂದಿದೆ. ತಿಳಿಸುವವರೆಗೆ ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಹಳ್ಳಿಯವರಿಗೆ ಹೇಳುವವರು ಬೇಕು. ರಾಜ್ಯದ ಪುರಾತತ್ವ ಇಲಾಖೆಯ ಕಚೇರಿ ಮೈಸೂರಿನಲ್ಲಿದೆ, ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಘಟಕವೂ ಅಲ್ಲೇ ಇದೆ. ಇವೆರಡೂ ಸೇರಿ ಒಂದು ಪುಟದ ಸೂಚನೆಯನ್ನು ಸರಳ ಕನ್ನಡದಲ್ಲಿ ಬರೆದು, ತೊಳೆಯಬೇಡಿ, ಬಿಡಿಸಬೇಡಿ, ಮಣ್ಣಿನ ಸಮೇತ ಒಣ ಡಬ್ಬಿಯಲ್ಲಿಡಿ, ಈ ಸಂಖ್ಯೆಗೆ ಫೋನ್ ಮಾಡಿ ಎಂದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಇದಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಅನುದಾನವೂ ಬೇಡ.