ಸೌಂಡ್ ತೆಗೆದು ನೋಡಿ: ಸಿನಿಮಾ ಸಂಗೀತ ನಮ್ಮನ್ನು ಅಳಿಸುವುದು, ಹೆದರಿಸುವುದು ಹೇಗೆ?

ಒಂದು ಸಣ್ಣ ಪ್ರಯೋಗ ಮಾಡಿ. ನಿಮಗೆ ತುಂಬಾ ಹೆದರಿಕೆ ಹುಟ್ಟಿಸಿದ ಸಿನಿಮಾ ದೃಶ್ಯವೊಂದನ್ನು ಮೊಬೈಲ್‌ನಲ್ಲಿ ಹಾಕಿ, ಸೌಂಡ್ ಪೂರ್ತಿ ತೆಗೆದುಬಿಡಿ. ಕತ್ತಲ ಕೋಣೆ, ತಾನಾಗಿ ತೆರೆದುಕೊಳ್ಳುವ ಬಾಗಿಲು, ಗೋಡೆಯ ಮೇಲಿನ ನೆರಳು ಎಲ್ಲ ಹಾಗೇ ಇರುತ್ತವೆ. ಹೆದರಿಕೆ ಮಾತ್ರ ಮೊದಲಿನಷ್ಟು ಇರುವುದಿಲ್ಲ. ಕೆಲವು ದೃಶ್ಯಗಳಿಗೆ ನಗುವೇ ಬರಬಹುದು.

ಹಾಗಾದರೆ ನಮ್ಮನ್ನು ಬೆಚ್ಚಿಬೀಳಿಸಿದ್ದು ಕಣ್ಣಿಗೆ ಕಂಡದ್ದೋ, ಕಿವಿಗೆ ಬಿದ್ದದ್ದೋ? ಮಾತೇ ಇಲ್ಲದ ಒಂದು ಕೊಳಲಿನ ದನಿಗೆ ಕಣ್ಣು ಒದ್ದೆಯಾಗುವುದು ಯಾಕೆ? ವಿಜ್ಞಾನ ಏನು ಹೇಳುತ್ತದೆ ನೋಡೋಣ. ನಾವು ದಿನಾ ಕಳಿಸುವ ಫಾರ್ವರ್ಡ್‌ಗಳಿಗೂ ಇದಕ್ಕೂ ಹತ್ತಿರದ ಸಂಬಂಧವಿದೆ.

ಕಿರುಚಾಟ ಕೇಳಿದರೆ ಮೈ ಎಚ್ಚರವಾಗುತ್ತದೆ

1960ರ ‘ಸೈಕೋ’ ಚಿತ್ರದಲ್ಲಿ ಸ್ನಾನದ ಮನೆಯ ಕೊಲೆ ಜಗತ್ಪ್ರಸಿದ್ಧ. ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂದುಕೊಂಡಿದ್ದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಸುಮ್ಮನಿರಲಿಲ್ಲ. ಪಿಟೀಲಿನಂಥ ತಂತಿವಾದ್ಯಗಳನ್ನಷ್ಟೇ ಬಳಸಿ, ಚೀರಿದಂತೆ ಕೇಳುವ ಸಂಗೀತ ಮಾಡಿ ಕೇಳಿಸಿದರು. ಹಿಚ್‌ಕಾಕ್ ಮನಸ್ಸು ಬದಲಿಸಿದರು.

ಆ ಚೀರುವ ದನಿಗೆ ಯಾಕಷ್ಟು ಶಕ್ತಿ? ಅಮೆರಿಕದ ಜೀವವಿಜ್ಞಾನಿ ಡೇನಿಯಲ್ ಬ್ಲೂಮ್‌ಸ್ಟೀನ್ ಮಾರ್ಮಾಟ್ ಎಂಬ ಅಳಿಲು ಜಾತಿಯ ಪ್ರಾಣಿಗಳ ಕೂಗನ್ನು ಅಧ್ಯಯನ ಮಾಡುವವರು. ಹೆದರಿದ ಪ್ರಾಣಿ ಕಿರುಚಿದಾಗ ಸ್ವರ ಒಡೆದು, ಕರ್ಕಶವಾಗುತ್ತದೆ. 2010ರಲ್ಲಿ ಅವರ ತಂಡ 102 ಸಿನಿಮಾಗಳ ಧ್ವನಿಯನ್ನು ಪರಿಶೀಲಿಸಿತು. ಭಯಾನಕ ಚಿತ್ರಗಳಲ್ಲಿ ಇಂಥ ಒಡಕು ಕಿರುಚಾಟದ ಶಬ್ದಗಳು ಹೆಚ್ಚಿದ್ದವು. ಅಂದರೆ ಸಂಗೀತಗಾರರು ತಮಗೆ ಗೊತ್ತಿಲ್ಲದೆಯೇ, ಅಪಾಯದ ಕೂಗಿಗೆ ಎಚ್ಚರಗೊಳ್ಳುವ ನಮ್ಮ ಹಳೆಯ ಪ್ರಾಣಿಸಹಜ ಗುಣವನ್ನು ತಟ್ಟುತ್ತಿದ್ದಾರೆ.

ವಿಷಲ್ ಬೀಳುವುದು ಹೀರೋ ಮುಖ ಕಾಣುವ ಮೊದಲೇ

ಥಿಯೇಟರಿನಲ್ಲಿ ಗಮನಿಸಿದ್ದೀರಾ? ಹೀರೋ ಎಂಟ್ರಿಗೆ ಮೊದಲು ಶೂ ಕಾಣುತ್ತದೆ, ಬಿಜಿಎಂ ಏರುತ್ತಾ ಹೋಗುತ್ತದೆ. ಮುಖ ಇನ್ನೂ ಕಂಡಿಲ್ಲ, ಆಗಲೇ ಮೈ ಜುಮ್ಮೆನ್ನುತ್ತದೆ. ‘ಕೆಜಿಎಫ್’ನಲ್ಲಿ ರವಿ ಬಸ್ರೂರು ಅವರ ಸಂಗೀತ ನೆನಪಿಸಿಕೊಂಡರೆ ಸಾಕು.

ಇದರ ಹಿಂದಿರುವುದು ನಿರೀಕ್ಷೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಸಂಗೀತ ಕೇಳಿ ರೋಮಾಂಚನಗೊಳ್ಳುವವರ ಮೆದುಳನ್ನು ಸ್ಕ್ಯಾನ್ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ರುಚಿಯಾದ ಊಟದಂಥ ಸುಖಗಳಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ರೋಮಾಂಚನದ ಕ್ಷಣದಲ್ಲಿ ಬಿಡುಗಡೆಯಾಗುತ್ತಿತ್ತು. ಅಷ್ಟೇ ಅಲ್ಲ, ಅದಕ್ಕೆ ಕೆಲವು ಸೆಕೆಂಡ್ ಮೊದಲು, ‘ಈಗ ಬರುತ್ತೆ’ ಎಂದು ಕಾಯುವಾಗಲೂ ಮೆದುಳಿನ ಬೇರೊಂದು ಭಾಗದಲ್ಲಿ ಬಿಡುಗಡೆಯಾಗುತ್ತಿತ್ತು.

‘ಸಂಗೀತಕ್ಕೆ ಕರಗದವರದು ಕಲ್ಲು ಹೃದಯ’ ಎಂಬ ಮಾತೂ ಇದೆ. ಇದು ತಪ್ಪು. 2014ರಲ್ಲಿ ಬಾರ್ಸಿಲೋನಾದ ಸಂಶೋಧಕರು, ಕಿವಿ ಚೆನ್ನಾಗಿದ್ದು, ಬೇರೆ ಸುಖಗಳನ್ನೆಲ್ಲ ಅನುಭವಿಸುತ್ತಿದ್ದರೂ ಸಂಗೀತದಿಂದ ಮಾತ್ರ ಏನೂ ಅನ್ನಿಸದ ಜನರಿದ್ದಾರೆ ಎಂದು ತೋರಿಸಿದರು. ಅದು ಕಾಯಿಲೆಯೂ ಅಲ್ಲ, ಕ್ರೌರ್ಯವೂ ಅಲ್ಲ.

ಅಳು ಬರುವುದು ರಾಗದಿಂದಲೋ, ನೆನಪಿನಿಂದಲೋ?

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಚಿತ್ರದಲ್ಲಿ, ಮಗಳು ತೀರಿಕೊಂಡ ಸುದ್ದಿ ಗೊತ್ತಿಲ್ಲದ ಅಪ್ಪ ಅವಳಿಗಾಗಿ ಸೀರೆ ತಂದಿರುತ್ತಾನೆ. ತಾಯಿ ಕುಸಿದು ಅಳುತ್ತಾಳೆ. ಆದರೆ ಅವಳ ಅಳು ನಮಗೆ ಕೇಳಿಸುವುದೇ ಇಲ್ಲ. ಆ ಜಾಗದಲ್ಲಿ ಕೇಳುವುದು ತಾರ್ ಶೆಹನಾಯಿ ಎಂಬ ವಾದ್ಯದ ಏರುದನಿ. ನಟಿಯ ಧ್ವನಿಗಿಂತ ಆ ವಾದ್ಯವೇ ಹೆಚ್ಚು ಅತ್ತಂತೆ ಅನ್ನಿಸುತ್ತದೆ.

ಇಲ್ಲಿ ಎರಡು ಸಂಗತಿ ಕೆಲಸ ಮಾಡುತ್ತವೆ. ಒಂದು, ಎಲ್ಲರಿಗೂ ಸಮಾನವಾದದ್ದು. ದುಃಖದಲ್ಲಿರುವ ಮನುಷ್ಯ ನಿಧಾನವಾಗಿ, ತಗ್ಗಿದ ದನಿಯಲ್ಲಿ ಮಾತಾಡುತ್ತಾನೆ. ಖುಷಿಯಲ್ಲಿದ್ದಾಗ ಚುರುಕಾಗಿ ಮಾತಾಡುತ್ತಾನೆ. ಸಂಗೀತ ಇದನ್ನೇ ಅನುಕರಿಸುತ್ತದೆ. 1999ರ ಒಂದು ಅಧ್ಯಯನದಲ್ಲಿ, ಹಿಂದೂಸ್ತಾನಿ ಸಂಗೀತದ ಪರಿಚಯವಿಲ್ಲದ ಪಾಶ್ಚಾತ್ಯ ಕೇಳುಗರು ಕೂಡ ಯಾವ ರಾಗ ಸಂತೋಷದ್ದು, ಯಾವುದು ದುಃಖದ್ದು ಎಂದು ಬಹುಮಟ್ಟಿಗೆ ಗುರುತಿಸಿದರು.

ಇನ್ನೊಂದು, ನಮ್ಮ ನಮ್ಮ ಬದುಕಿನ ನೆನಪು. ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಸೀರಿಯಲ್‌ಗೆ ಎಲ್. ವೈದ್ಯನಾಥನ್ ಮಾಡಿದ ಶೀರ್ಷಿಕೆ ಸಂಗೀತ ಕೇಳಿದರೆ, 80ರ ದಶಕದಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಒಂದೇ ಟಿವಿ ಮುಂದೆ ಕೂತು ನೋಡಿದವರಿಗೆ ಗಂಟಲು ಕಟ್ಟುತ್ತದೆ. ಅವರ ಮಕ್ಕಳಿಗೆ ಅದು ಬರೀ ಒಂದು ಚೆಂದದ ಟ್ಯೂನ್. ‘ಕಾಂತಾರ’ದ (2022) ಕೊನೆಯಲ್ಲಿ ಬರುವ ದೈವದ ಕೂಗು ಎಲ್ಲರನ್ನೂ ನಡುಗಿಸಿತು. ಆದರೆ ಕೋಲ, ನೇಮ ನೋಡುತ್ತಾ ಬೆಳೆದ ಕರಾವಳಿಯವರಿಗೆ ಅದರಲ್ಲಿ ಊರಿನ ರಾತ್ರಿಗಳೂ ಸೇರಿಕೊಂಡವು. ಹರೆಯದಲ್ಲಿ ಕೇಳಿದ ಹಾಡುಗಳು ಜೀವನಪೂರ್ತಿ ಹತ್ತಿರವಾಗಿರುವುದೂ ಇದೇ ಕಾರಣಕ್ಕೆ. ಆ ವಯಸ್ಸಿನ ನೆನಪುಗಳು ನಮ್ಮಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ.

‘432 ಹರ್ಟ್ಸ್’ ಗುಟ್ಟು ನಿಜವೇ?

‘432 ಹರ್ಟ್ಸ್ ಸಂಗೀತವೇ ಪ್ರಕೃತಿಯ ನಾದ, ಈಗಿನ 440 ಹರ್ಟ್ಸ್ ಜನರ ಮನಸ್ಸು ಕೆಡಿಸಲು ಮಾಡಿದ ಸಂಚು’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಸುಳ್ಳು. ಒಂದೊಂದು ಊರಿನ ವಾದ್ಯಮೇಳ ಒಂದೊಂದು ಶ್ರುತಿ ಬಳಸುತ್ತಿದ್ದುದರಿಂದ ಗೊಂದಲವಾಗುತ್ತಿತ್ತು. ಅದಕ್ಕಾಗಿ 1939ರಲ್ಲಿ ಲಂಡನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ 440 ಅನ್ನು ಸಮಾನ ಅಳತೆಯಾಗಿ ಶಿಫಾರಸು ಮಾಡಿತು. ಎರಡರ ನಡುವಿನ ವ್ಯತ್ಯಾಸ, ಹಾರ್ಮೋನಿಯಂನ ಒಂದು ಬಿಳಿ ಕೀಗೂ ಪಕ್ಕದ ಕರಿ ಕೀಗೂ ಇರುವ ಅಂತರದ ಸುಮಾರು ಮೂರನೇ ಒಂದು ಭಾಗ, ಅಷ್ಟೇ.

ನಮ್ಮ ಶಾಸ್ತ್ರೀಯ ಸಂಗೀತಕ್ಕಂತೂ ಈ ಜಗಳವೇ ಇಲ್ಲ. ಒಬ್ಬರು ಒಂದು ಮನೆ ಶ್ರುತಿಯಲ್ಲಿ ಹಾಡುತ್ತಾರೆ, ಇನ್ನೊಬ್ಬರು ಐದು ಮನೆಯಲ್ಲಿ. ರಾಗದ ಭಾವ ಎರಡರಲ್ಲೂ ಅದೇ.

ಸಂಗೀತ ತೀರ್ಪನ್ನೂ ಕೊಡುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂಗೀತ ಭಾವನೆ ಹುಟ್ಟಿಸುವುದರ ಜೊತೆಗೆ, ತೆರೆಯ ಮೇಲಿರುವವರು ಒಳ್ಳೆಯವರೋ ಕೆಟ್ಟವರೋ ಎಂಬುದನ್ನೂ ನಮ್ಮ ತಲೆಯಲ್ಲಿ ತುಂಬುತ್ತದೆ.

1975ರ ‘ಜಾಸ್’ ಚಿತ್ರದಲ್ಲಿ ಯಂತ್ರದ ಶಾರ್ಕ್ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಹಾಗಾಗಿ ಶಾರ್ಕ್ ಕಾಣುವುದೇ ಕಡಿಮೆ. ಜಾನ್ ವಿಲಿಯಮ್ಸ್ ಎರಡೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸಿ ಶಾರ್ಕ್ ‘ಬರುವಂತೆ’ ಮಾಡಿದರು, ಆಸ್ಕರ್ ಗೆದ್ದರು. ಮುಂದೆ ಜನರಲ್ಲಿ ಶಾರ್ಕ್ ಭಯ ಎಷ್ಟು ಬೇರೂರಿತೆಂದರೆ, ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿಯೇ ಶಾರ್ಕ್ ಸಂರಕ್ಷಣೆಗಾಗಿ ದುಡಿಯಬೇಕಾಯಿತು.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತು. ಈಜುತ್ತಿರುವ ಶಾರ್ಕ್‌ಗಳ 60 ಸೆಕೆಂಡಿನ ಒಂದೇ ವಿಡಿಯೋವನ್ನು 2,000ಕ್ಕೂ ಹೆಚ್ಚು ಜನರಿಗೆ ತೋರಿಸಲಾಯಿತು. ಕೆಲವರಿಗೆ ಭಯದ ಸಂಗೀತ, ಕೆಲವರಿಗೆ ಹಿತವಾದ ಸಂಗೀತ, ಕೆಲವರಿಗೆ ಸಂಗೀತವೇ ಇಲ್ಲ. ಭಯದ ಸಂಗೀತ ಕೇಳಿದವರು ಶಾರ್ಕ್‌ಗಳ ಬಗ್ಗೆ ಉಳಿದವರಿಗಿಂತ ಕೆಟ್ಟ ಅಭಿಪ್ರಾಯ ಹೇಳಿದರು. ಶಾರ್ಕ್ ಮಾಡಿದ್ದು ಅದೇ, ಸುಮ್ಮನೆ ಈಜಿದ್ದು.

ಫಾರ್ವರ್ಡ್ ಮಾಡುವ ಮುನ್ನ

ಶಾರ್ಕ್ ಜಾಗದಲ್ಲಿ ಈಗ ಒಬ್ಬ ಮನುಷ್ಯನನ್ನು ಇಟ್ಟು ನೋಡಿ. ರಸ್ತೆಯಲ್ಲಿ ಮಗುವಿನ ಕೈ ಹಿಡಿದು ನಡೆಯುವ ಅಪರಿಚಿತ. ಕೊಳಲು ಸೇರಿಸಿದರೆ ಅವನು ಪ್ರೀತಿಯ ಅಪ್ಪ. ಢಮ್ ಢಮ್ ಎನ್ನುವ ಬಿಜಿಎಂ ಸೇರಿಸಿದರೆ ಕಳ್ಳ.

2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವದಂತಿಯಿಂದ ಬೆಂಗಳೂರಿನಲ್ಲಿ ಮತ್ತು ಬೀದರ್ ಜಿಲ್ಲೆಯಲ್ಲಿ ಅಮಾಯಕರು ಗುಂಪಿನ ಕೈಯಲ್ಲಿ ಜೀವ ಕಳೆದುಕೊಂಡರು. ಆಗ ದೇಶದಲ್ಲೆಲ್ಲ ಓಡಾಡಿದ ಒಂದು ವಿಡಿಯೋ, ಮೂಲತಃ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ್ದು. ಮಗುವನ್ನು ವಾಪಸ್ ಬಿಡುವ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು. ಕತ್ತರಿ ಹಾಕಿದರೆ ಅರ್ಥ ಬದಲಾಗುವಂತೆ, ಸಂಗೀತ ಅಂಟಿಸಿದರೂ ಬದಲಾಗುತ್ತದೆ. ಅದಕ್ಕೆ ಈಗ ಮೊಬೈಲ್‌ನಲ್ಲಿ ಒಂದು ನಿಮಿಷ ಸಾಕು.

ಹಾಗಾಗಿ ಕೋಪವನ್ನೋ ಅಳುವನ್ನೋ ತರಿಸುವ ವಿಡಿಯೋ ಬಂದರೆ:

1. ಒಮ್ಮೆ ಮ್ಯೂಟ್ ಮಾಡಿ ನೋಡಿ. ನಿಜವಾಗಿ ಕಾಣುತ್ತಿರುವುದೇನು?
2. ಅಲ್ಲಿದ್ದ ಜನರ ಮಾತು, ಗಾಡಿ ಸದ್ದು ಕೇಳಿಸುತ್ತಿದೆಯೇ, ಅಥವಾ ಬರೀ ಸಂಗೀತವೇ? ಮೂಲ ಧ್ವನಿ ತೆಗೆದಿದ್ದರೆ ಅನುಮಾನಪಡಿ.
3. ಊರು, ದಿನಾಂಕ ಇಲ್ಲದಿದ್ದರೆ ಕಳಿಸಬೇಡಿ.

ಸಿನಿಮಾಕ್ಕೆ ಹೋದಾಗ ಈ ಲೆಕ್ಕಾಚಾರ ಬೇಡ. ಅಲ್ಲಿ ಟಿಕೆಟ್ ಕೊಂಡು ಹೋಗುವುದೇ ಅಳಲು, ನಗಲು, ವಿಷಲ್ ಹೊಡೆಯಲು. ಎಚ್ಚರ ಬೇಕಿರುವುದು ಫೋನ್ ಕೈಯಲ್ಲಿ ಹಿಡಿದಾಗ.