ಲೆಕ್ಕದ ಕೋಷ್ಟಕಗಳ ನಂಟನ್ನು ಕಾಯುವವರು ಯಾರು?

ನೆಲಮಂಗಲದ ಬಳಿಯ ಅರಿಶಿನಕುಂಟೆಯಲ್ಲಿ ಗೋದಾಮು ಕಟ್ಟಲೆಂದೋ ಸಣ್ಣ ಕಾರ್ಖಾನೆ ತೆರೆಯಲೆಂದೋ ಜಮೀನು ಕೊಳ್ಳುವ ಉದ್ಯಮಿಯು ಮೂರು ಕಡೆಯ ದಾಖಲೆಗಳನ್ನು ತಾಳೆ ನೋಡಬೇಕಾಗುತ್ತದೆ. ಪಹಣಿಯು ಕಂದಾಯ ಇಲಾಖೆಯ ‘ಭೂಮಿ’ಯಲ್ಲಿದೆ; ಕ್ರಯಪತ್ರವು ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿದೆ; ಅಳತೆಯ ನಕ್ಷೆಯು ಭೂಮಾಪನ ಇಲಾಖೆಯ ‘ಮೋಜಿಣಿ’ಯಲ್ಲಿದೆ. ಜಮೀನು ಒಂದೇ, ಕಡತಗಳು ಮೂರು. ಅವುಗಳನ್ನು ಬೆಸೆಯುವ ಎಳೆಯೆಂದರೆ ಗ್ರಾಮದ ಹೆಸರು, ಸರ್ವೆ ನಂಬರು, ಸರ್ನಾಕ್ ಮತ್ತು ಹಿಸ್ಸಾ. ಈ ಎಳೆ ಎಲ್ಲಿಯಾದರೂ ಕಡಿದರೆ ಖಾತೆ ಬದಲಾವಣೆ ನಿಲ್ಲುತ್ತದೆ, ಅದರೊಡನೆ ಬ್ಯಾಂಕಿನ ಸಾಲವೂ ನಿಲ್ಲುತ್ತದೆ.

ಇದೇ ಪ್ರಶ್ನೆ ಪ್ರತಿಯೊಬ್ಬ ವರ್ತಕರ ಗಣಕಯಂತ್ರದೊಳಗೂ ಇದೆ ಎಂಬುದನ್ನು ಹಲವರು ಗಮನಿಸಿರಲಾರರು. ಗಿರಾಕಿಗಳ ಪಟ್ಟಿ ಒಂದು ಕೋಷ್ಟಕ, ಬಿಲ್ಲುಗಳು ಇನ್ನೊಂದು, ವಸೂಲಾತಿ ಮತ್ತೊಂದು. ಬಿಲ್ಲಿನಲ್ಲಿ ಕಾಣುವ ಗಿರಾಕಿಯ ಸಂಕೇತ ಸಂಖ್ಯೆಯು ಗಿರಾಕಿಗಳ ಪಟ್ಟಿಯಲ್ಲಿ ಇದ್ದೇ ಇರಬೇಕು. ಇದನ್ನು ಕಾಯಲು ಎರಡು ಮಾರ್ಗಗಳಿವೆ. ಡೇಟಾಬೇಸಿನಲ್ಲಿಯೇ ‘ಫಾರಿನ್ ಕೀ’ ಎಂಬ ನಿಬಂಧನೆಯನ್ನು ಬರೆದಿಡುವುದು ಮೊದಲನೆಯದು. ಆಗ ಪಟ್ಟಿಯಲ್ಲಿಲ್ಲದ ಗಿರಾಕಿಗೆ ಬಿಲ್ಲು ಹಾಕಲಾಗದು, ಬಿಲ್ಲು ಇರುವ ಗಿರಾಕಿಯನ್ನು ಅಳಿಸಲೂ ಆಗದು. ಡೇಟಾಬೇಸಿಗೆ ಏನನ್ನೂ ಹೇಳದೆ, ಆ ಪರಿಶೀಲನೆಯನ್ನು ತಂತ್ರಾಂಶ ಬರೆಯುವವನ ಸಾಲುಗಳಿಗೆ ಒಪ್ಪಿಸುವುದು ಎರಡನೆಯದು.

ಎರಡನೆಯ ಮಾರ್ಗ ರೂಢಿಗೆ ಬಂದದ್ದಕ್ಕೆ ಚರಿತ್ರೆಯಿದೆ. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು ದತ್ತಾಂಶವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಇಡುವ ಸಿದ್ಧಾಂತವನ್ನು 1970ರಲ್ಲಿಯೇ ಪ್ರಕಟಿಸಿದ್ದರು. ಆದರೆ ಅಂಗಡಿ, ಕಾರ್ಖಾನೆಗಳಿಗೆ ಮೊದಲು ಬಂದ ಡಿಬೇಸ್ ಹಾಗೂ ಹಳೆಯ ಫಾಕ್ಸ್‌ಪ್ರೋಗಳಲ್ಲಿ ಪ್ರತಿ ಕೋಷ್ಟಕವೂ ಬಿಡಿ ಕಡತವಾಗಿತ್ತು. ನಂಟನ್ನು ಪ್ರೋಗ್ರಾಮೇ ಹೊಲಿಯಬೇಕಾಗಿತ್ತು. 2010ರವರೆಗೆ ಮೈಎಸ್‌ಕ್ಯೂಎಲ್ ಸಹಜವಾಗಿ ಬಳಸುತ್ತಿದ್ದ ಮೈಐಸ್ಯಾಮ್ ವಿಧಾನವಂತೂ ಫಾರಿನ್ ಕೀ ಬರೆದರೆ ದೋಷ ತೋರಿಸದೆ ಸ್ವೀಕರಿಸಿ, ಅದನ್ನು ಸುಮ್ಮನೆ ಕಡೆಗಣಿಸುತ್ತಿತ್ತು. ಇದ್ದ ಬೀಗ ಕೇವಲ ಚಿತ್ರದ ಬೀಗವಾಗಿತ್ತು! ವಿಷುಯಲ್ ಫಾಕ್ಸ್‌ಪ್ರೋಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2015ರಲ್ಲಿ ಕೊನೆಗೊಂಡಿತು. ಸಾಧನಗಳು ಬದಲಾದವು, ಅಭ್ಯಾಸ ಮಾತ್ರ ಉಳಿದುಕೊಂಡಿತು.

ಈ ಅಭ್ಯಾಸವನ್ನು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಸಾಲದ ಮಿತಿ ಮೀರಿದ ಗಿರಾಕಿಗೆ ಮಾಲು ಬಿಡಬೇಕೇ ಎಂಬಂತಹ ವ್ಯಾಪಾರದ ವಿವೇಚನೆಯನ್ನು ಫಾರಿನ್ ಕೀ ಅರಿಯದು. ಬೇರೆ ಬೇರೆ ಡೇಟಾಬೇಸುಗಳ ನಡುವೆ ಅದು ಸಾಮಾನ್ಯವಾಗಿ ನಡೆಯುವುದೂ ಇಲ್ಲ. ನೋಂದಣಿಯಾದೊಡನೆ ಕಾವೇರಿಯಿಂದ ಭೂಮಿಗೆ ‘ಜೆ ಸ್ಲಿಪ್’ ರವಾನೆಯಾಗಿ ಮ್ಯುಟೇಶನ್ ಆರಂಭವಾಗುವ ಏರ್ಪಾಡು ತಂತ್ರಾಂಶದ ತರ್ಕದಿಂದಲೇ ಸಾಧ್ಯವಾದದ್ದು. ಆದರೆ ಪೋಡಿಯಾಗಿ ಹೊಸ ಹಿಸ್ಸಾ ನಂಬರು ಬಂದಾಗ ಹಳೆಯ ಕ್ರಯಪತ್ರದಲ್ಲಿ ಹಳೆಯ ನಂಬರೇ ಇರುತ್ತದೆ. ಆಗ ಎರಡನ್ನೂ ಪರಿಶೀಲಿಸಿ ತಾಳೆ ಹಾಕುವ ಮನುಷ್ಯನೊಬ್ಬ ಬೇಕು.

ಅಪಾಯವಿರುವುದು ಒಂದೇ ಸಂಸ್ಥೆಯ ಒಂದೇ ಡೇಟಾಬೇಸಿನೊಳಗೂ ಎಲ್ಲವನ್ನೂ ತಂತ್ರಾಂಶದ ಸಾಲುಗಳಿಗೆ ಬಿಟ್ಟಾಗ. ಬಿಲ್ಲಿಂಗ್ ಪರದೆಯು ಗಿರಾಕಿಯ ಸಂಕೇತವನ್ನು ಪರಿಶೀಲಿಸುತ್ತದೆ, ನಿಜ. ಆದರೆ ಎಕ್ಸೆಲ್‌ನಿಂದ ಒಮ್ಮೆಲೇ ತುಂಬಿದ ವಿವರಗಳು, ಗೋದಾಮಿನ ಇನ್ನೊಂದು ತಂತ್ರಾಂಶ, ‘ಸಣ್ಣ ತಿದ್ದುಪಡಿ’ಗೆಂದು ಬಂದು ಕೋಷ್ಟಕಕ್ಕೇ ಕೈಹಾಕುವ ತಂತ್ರಜ್ಞ — ಇವರೆಲ್ಲ ಆ ಪರದೆಯ ಮೂಲಕ ಬರುವುದಿಲ್ಲ. ಅಳಿಸಿಹೋದ ಗಿರಾಕಿಯ ಸಂಕೇತವನ್ನು ಹೊಸಬರಿಗೆ ಕೊಟ್ಟರೆ ಹಳಬರ ಬಾಕಿ ಹೊಸಬರ ತಲೆಗೆ ಬೀಳುತ್ತದೆ. ಅಢಾವೆ ಪತ್ರಿಕೆಯ ಮೊತ್ತ ಸರಿಹೊಂದಿರುತ್ತದೆ. ಬಾಕಿದಾರರ ಪಟ್ಟಿ ಮಾತ್ರ ಸುಳ್ಳು ಹೇಳುತ್ತಿರುತ್ತದೆ.

ಇದು ಈಗ ಕೇವಲ ಒಳಗಿನ ಗೊಂದಲವಾಗಿ ಉಳಿದಿಲ್ಲ. 2022ರ ಜನವರಿ 1ರಿಂದ, ಮಾರಾಟಗಾರರು ಸಲ್ಲಿಸಿದ ವಿವರವು ಖರೀದಿದಾರರ ಜಿಎಸ್‌ಟಿಆರ್-2ಬಿಯಲ್ಲಿ ಕಾಣದಿದ್ದರೆ ಹೂಡುವಳಿ ತೆರಿಗೆಯ ಜಮೆ ದೊರೆಯದು. 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯು ಬೇರೆಯವರ ಖಾತೆಗೆ ಅಂಟಿಕೊಂಡರೆ ನಮ್ಮ ಬಿಲ್ಲಿನ ತೆರಿಗೆ ಇನ್ನೊಬ್ಬರ ಲೆಕ್ಕದಲ್ಲಿ ಕಾಣುತ್ತದೆ. ಹಳೆಯ ಗಿರಾಕಿ ಹಣ ತಡೆಹಿಡಿಯುತ್ತಾರೆ. ಕಂಪನಿಗಳ ಮಟ್ಟಿಗೆ 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶವು ಪ್ರತಿ ಬದಲಾವಣೆಯ ಜಾಡನ್ನು ದಿನಾಂಕಸಹಿತ ದಾಖಲಿಸುವುದು ಕಡ್ಡಾಯವಾಗಿದೆ. ಆ ಜಾಡನ್ನು ತಂತ್ರಾಂಶದ ಪರದೆ ಮಾತ್ರ ಬರೆಯುವುದಾದರೆ, ಕೋಷ್ಟಕದಲ್ಲಿ ನೇರವಾಗಿ ಮಾಡಿದ ತಿದ್ದುಪಡಿ ಯಾವ ಜಾಡನ್ನೂ ಬಿಡದು. ಲೆಕ್ಕ ಪರಿಶೋಧಕರಿಗೆ ಉತ್ತರಿಸಬೇಕಾದವರು ಮಾಲೀಕರೇ ಹೊರತು ತಂತ್ರಜ್ಞರಲ್ಲ.

ಆದ್ದರಿಂದ ತಂತ್ರಾಂಶ ಬರೆಸುವ ಸದಸ್ಯರು ಬೆಲೆಯ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳುವುದು ಒಳಿತು. ಗಿರಾಕಿ, ಸರಕು, ಬಿಲ್ಲು, ವಸೂಲಿ — ಈ ಮೂಲ ನಂಟುಗಳು ಡೇಟಾಬೇಸಿನಲ್ಲಿಯೇ ಬರೆಯಲ್ಪಟ್ಟಿವೆಯೇ? ವ್ಯವಹಾರ ನಡೆದ ಖಾತೆಯನ್ನು ಅಳಿಸುವ ಬದಲು ‘ಚಾಲ್ತಿಯಲ್ಲಿಲ್ಲ’ ಎಂದು ಗುರುತಿಸಲಾಗುತ್ತದೆಯೇ? ತಂತ್ರಾಂಶದ ತರ್ಕವನ್ನೇ ನೆಚ್ಚಿರುವ ನಂಟುಗಳ ಲಿಖಿತ ಪಟ್ಟಿ ಇದೆಯೇ, ಅವುಗಳಲ್ಲಿ ಅನಾಥವಾದ ನಮೂದುಗಳನ್ನು ಹುಡುಕುವ ವರದಿ ತಿಂಗಳಿಗೊಮ್ಮೆ ದೊರೆಯುವುದೇ? ಹಳೆಯ ಡೇಟಾಬೇಸಿಗೆ ಈಗ ನಿಬಂಧನೆ ಹಾಕಲು ಹೊರಟರೆ ಮೊದಲು ಹಳೆಯ ಕಸ ಗುಡಿಸಬೇಕಾಗುತ್ತದೆ. ಅದಕ್ಕೆ ವೆಚ್ಚವೂ ಸಮಯವೂ ತಗಲುತ್ತದೆ. ಆದರೂ ಬ್ಯಾಂಕ್ ತಾಳೆಪಟ್ಟಿಯನ್ನು ತಪ್ಪದೆ ಮಾಡುವ ವರ್ತಕರಿಗೆ ಈ ಶಿಸ್ತು ಹೊಸದಲ್ಲ.

ಮುಂಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟು ಯಾರೂ ಗೋದಾಮು ನಡೆಸುವುದಿಲ್ಲ. ಲೆಕ್ಕದ ಕೋಷ್ಟಕಗಳಿಗೂ ಅದೇ ನಿಯಮ ಸಲ್ಲಬೇಕು. ತೆರಿಗೆಯ ನೋಟೀಸು ಬಂದ ಮೇಲೆ ಎಚ್ಚೆತ್ತರೆ, ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾದೀತು.