ಮಂಜು ಮುಸುಕಿದ ಲೋಕಗಳು

‘ನೋ ಮ್ಯಾನ್ಸ್ ಸ್ಕೈ’ ಎಂಬ ಗಣಕಕ್ರೀಡೆಯಲ್ಲಿ ಗ್ರಹದಿಂದ ಗ್ರಹಕ್ಕೆ ಹಾರುತ್ತ, ಹತ್ತು ಹೆಜ್ಜೆಯಾಚೆ ಏನೂ ಕಾಣದಂತಹ ಮಂಜಿನ ಲೋಕವನ್ನು ಅರಸುವ ಬಾಲಕನನ್ನು ಕಾಲಹರಣ ಮಾಡುವವನೆಂದು ಗದರಿಸುವುದು ಉಚಿತವಲ್ಲ. ಅವನಲ್ಲಿ ಉದಿಸಿರುವ ಕುತೂಹಲವೇ ಸಕಲ ವಿಜ್ಞಾನಕ್ಕೂ ಮೂಲವಾದುದು. ಅಂತಹ ಕುತೂಹಲದಿಂದಲೇ, ಗಂಧಕಾಮ್ಲದ ದಟ್ಟ ಮೇಘಗಳಿಂದ ಆವೃತವಾಗಿ, ಸುಮಾರು 460 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಬೇಯುತ್ತಿರುವ ಶುಕ್ರನ ನೆಲವನ್ನು 1990ರ ದಶಕದಲ್ಲಿ ಮೆಗೆಲನ್ ನೌಕೆಯು ರೇಡಾರ್ ಮೂಲಕ ಚಿತ್ರಿಸಿತು. ಇಸ್ರೋದ ಶುಕ್ರಯಾನಕ್ಕೆ ಕೇಂದ್ರ ಸಂಪುಟವು 2024ರಲ್ಲಿ ಸಮ್ಮತಿಯಿತ್ತಿತು. 1982ರಿಂದ ಭೂಸ್ಥಿರ ಉಪಗ್ರಹಗಳನ್ನು ನಡೆಸುತ್ತಿರುವ ಅದೇ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ಹಾಸನದಲ್ಲಿಯೇ ಇರುವಾಗ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪ್ರತಿಯೊಂದು ಪ್ರೌಢಶಾಲೆಗೂ ದೂರದರ್ಶಕವನ್ನೊದಗಿಸಿ, ಚಂದ್ರನಂತೆಯೇ ವೃದ್ಧಿಕ್ಷಯಗಳನ್ನು ಹೊಂದುವ ಶುಕ್ರಬಿಂಬವನ್ನು ಮಕ್ಕಳಿಗೆ ತೋರಿಸುವುದು ಜಿಲ್ಲೆಯ ಹಿರಿಯರೆಲ್ಲರ ಕರ್ತವ್ಯವಾಗಿದೆ.